ಐದನೆಯ ದೂರು

ಅಕ್ಕ ತೀರಿಕೊಂಡ ಸುದ್ದಿಯನ್ನು ಮೇಷ್ಟ್ರಿಗೆ ಯಾರೂ ಬಂದು ಹೇಳಲಿಲ್ಲ. ಅದು ಒಂದು ದೂರಾಗಿ ಅವರ ಮೇಜಿಗೇ ಬಂತು.

ಬೆಳಿಗ್ಗೆ ಒಂಬತ್ತು ಇಪ್ಪತ್ತರ ಸಮಯ. ದರ್ಜಿಯ ಅಂಗಡಿಯ ಮೇಲಿನ ಕೋಣೆಯಲ್ಲಿ ಅವರು ಎಂದಿನಂತೆ ಕಂಪ್ಯೂಟರಿನ ಮುಂದೆ ಕುಳಿತು ಕನ್ನಡಕ ಒರೆಸಿಕೊಳ್ಳುತ್ತಿದ್ದರು. ಕೆಳಗೆ ಹೊಲಿಗೆ ಯಂತ್ರ ಓಡಿದರೆ ಮೇಲಿನ ನೆಲ ಸಣ್ಣಗೆ ನಡುಗುತ್ತದೆ. ಅದು ಅವರಿಗೆ ಅಭ್ಯಾಸವಾಗಿತ್ತು. ಪರದೆಯ ಮೇಲೆ ಹೊಸ ದೂರೊಂದು ಮೂಡಿತು. ‘ಆಸ್ಪತ್ರೆ ರಸ್ತೆಯಲ್ಲಿ ಹಳೇ ಗೋದಾಮಿನ ಗೋಡೆ ಬಿದ್ದಿದೆ. ದಾರಿ ಮುಚ್ಚಿಹೋಗಿದೆ.’ ಅದರ ಬೆನ್ನಿಗೇ ಇನ್ನೊಂದು: ‘ಗೋದಾಮಿನ ಗೋಡೆ ಕುಸಿದಿದೆ, ಬೇಗ ಯಾರಾದರೂ ಬನ್ನಿ.’ ಮೇಷ್ಟ್ರು ಎರಡನೆಯದನ್ನು ಮೊದಲನೆಯದಕ್ಕೆ ಜೋಡಿಸಿದರು. ಅದೇ ಅವರ ಕೆಲಸ. ಒಂದೇ ಸಂಗತಿಯನ್ನು ಹತ್ತು ಜನ ಹೇಳಿದರೆ ಹತ್ತು ದೂರು ಆಗಬಾರದು, ಒಂದೇ ಆಗಬೇಕು. ಮೂರನೆಯದು ಬಂತು: ‘ಗೋಡೆಯ ಕೆಳಗೆ ಯಾರೋ ಇದ್ದಾರೆ.’ ಅದನ್ನೂ ಜೋಡಿಸಿದರು. ಓದಿ ಮುಗಿಸುವ ಮೊದಲೇ ಕೈ ಓಡಿಬಿಟ್ಟಿತ್ತು. ನಾಲ್ಕನೆಯದರ ಜೊತೆ ಒಂದು ಫೋಟೋ ಇತ್ತು. ಇಟ್ಟಿಗೆಯ ರಾಶಿ, ಧೂಳು, ಬಗ್ಗಿ ನಿಂತ ನಾಲ್ಕಾರು ಬೆನ್ನುಗಳು. ರಾಶಿಯ ಅಂಚಿನಲ್ಲಿ ಒಂದು ಕಪ್ಪು ಕೊಡೆ. ಅದರ ಮುರಿದ ಹಿಡಿಗೆ ನೀಲಿ ತಂತಿ ಸುತ್ತಿತ್ತು.

ಆ ತಂತಿ ಸುತ್ತಿಕೊಟ್ಟವರು ಮೇಷ್ಟ್ರೇ.

ಅವರು ಬರಿಗಾಲಲ್ಲಿ ಮೆಟ್ಟಿಲಿಳಿದದ್ದನ್ನು ಕಂಡು ದರ್ಜಿ, “ಮೇಷ್ಟ್ರೇ, ಚಪ್ಪಲಿ!” ಎಂದು ಕೂಗಿದ. ಅವರು ತಿರುಗಿ ನೋಡಲಿಲ್ಲ. ದರ್ಜಿ ಕೊರಳಲ್ಲಿ ಅಳತೆಯ ಪಟ್ಟಿ ಹಾಕಿಕೊಂಡೇ ಅವರ ಹಿಂದೆ ಓಡಿದ. ಆಸ್ಪತ್ರೆ ರಸ್ತೆ ಮುಟ್ಟುವಷ್ಟರಲ್ಲಿ ಜನ ಅಕ್ಕನನ್ನು ಹೊರಗೆ ತೆಗೆದು ಪಕ್ಕದ ಅಂಗಡಿಯ ಜಗಲಿಯ ಮೇಲೆ ಮಲಗಿಸಿದ್ದರು. ಮುಖಕ್ಕೆ ಏನೂ ಆಗಿರಲಿಲ್ಲ. ಯಾರೋ ಒದ್ದೆ ಬಟ್ಟೆಯಿಂದ ಧೂಳು ಒರೆಸಿದ್ದರು. ರಕ್ತದೊತ್ತಡದ ಮಾತ್ರೆ ತರಲು ಹೊರಟವಳ ಚೀಟಿ ಇನ್ನೂ ಮುಷ್ಟಿಯಲ್ಲೇ ಇತ್ತು. ಮೇಷ್ಟ್ರು ಅವಳ ಪಕ್ಕದಲ್ಲಿ ಕೂತರು. ಅತ್ತರೋ ಇಲ್ಲವೋ ಅವರಿಗೇ ನೆನಪಿಲ್ಲ. “ಎದ್ದೇಳಿ ಮೇಷ್ಟ್ರೇ, ಗಾಡಿ ಬಂತು” ಎಂದು ದರ್ಜಿ ಕಂಕುಳಿಗೆ ಕೈ ಹಾಕಿ ಎಬ್ಬಿಸಿದ್ದಷ್ಟೇ ನೆನಪು.

ಮೇಷ್ಟ್ರು ಎನ್ನುವುದು ಬಾಯಿಮಾತಿನ ಹೆಸರು. ಅವರು ಒಂದು ದಿನವೂ ಯಾರಿಗೂ ಪಾಠ ಹೇಳಿದವರಲ್ಲ. ಮೂವತ್ತಾರು ವರ್ಷ ಸಾರ್ವಜನಿಕ ಗ್ರಂಥಾಲಯದಲ್ಲಿ ಪುಸ್ತಕಗಳಿಗೆ ಚೀಟಿ ಬರೆದವರು. ಒಂದು ಪುಸ್ತಕಕ್ಕೆ ಒಂದೇ ಚೀಟಿ. ಎರಡಿದ್ದರೆ ಒಂದನ್ನು ಹರಿದು ಹಾಕುವವರೆಗೆ ಅವರಿಗೆ ಊಟ ರುಚಿಸುತ್ತಿರಲಿಲ್ಲ. ಅಕ್ಕ ಅವರನ್ನು ಚಿಕ್ಕಂದಿನಿಂದ ಹುಳ ಎಂದೇ ಕರೆಯುತ್ತಿದ್ದಳು. “ನಮ್ಮ ಹುಳ ಪುಸ್ತಕ ತಿನ್ನೋದಿಲ್ಲ, ಎಣಿಸ್ತಾನೆ ಅಷ್ಟೇ” ಎಂದು ಬಂದವರ ಮುಂದೆಲ್ಲ ನಗೆಯಾಡುತ್ತಿದ್ದಳು. ಅವರಿಗಿಂತ ಆರು ವರ್ಷ ದೊಡ್ಡವಳು. ತಾಯಿ ಬೇಗ ಹೋದ ಮನೆಯಲ್ಲಿ ಅವರಿಗೆ ಎಣ್ಣೆ ಹಚ್ಚಿ ತಲೆ ಬಾಚಿ ಶಾಲೆಗೆ ಕಳಿಸಿದವಳು ಅವಳೇ. ಗಂಡ ತೀರಿಕೊಂಡ ಮೇಲೆ ಎರಡು ಬೀದಿಯಾಚೆ ಒಂದೂವರೆ ಕೋಣೆಯ ಮನೆಯಲ್ಲಿ ಒಬ್ಬಳೇ ಇದ್ದಳು. ತಮ್ಮನ ಮನೆಗೆ ಬಾ ಎಂದರೆ, “ನಿನ್ನ ಮನೇಲಿ ಕುರ್ಚಿಗೂ ನಂಬರ್ ಹಾಕಿರ್ತೀಯ, ನನಗೂ ಒಂದು ಹಾಕಿಬಿಡ್ತೀಯ” ಎನ್ನುವಳು.

‘ಬೀದಿಮಾತು’ ಎಂಬ ಆ ದೂರಿನ ಪುಟ ಮಗಳ ಕೆಲಸ. ಹೆಂಡತಿ ಹೋದ ಮೇಲೆ ಮೇಷ್ಟ್ರ ಮನೆಯಲ್ಲಿ ಉಳಿದವಳು ಆ ಮಗಳೊಬ್ಬಳೇ. ಹಗಲು ಒಂದು ಔಷಧಿ ಉಗ್ರಾಣದ ಲೆಕ್ಕಪತ್ರದ ಕಂಪ್ಯೂಟರುಗಳನ್ನು ನೋಡಿಕೊಂಡು, ಉಳಿದ ಹೊತ್ತಿನಲ್ಲಿ ಇದನ್ನು ಕಟ್ಟಿದಳು. ಫೋನಿಗೆ ಏನೂ ಇಳಿಸಿಕೊಳ್ಳಬೇಕಾಗಿಲ್ಲ. ವಿಳಾಸ ಒತ್ತಿದರೆ ಒಂದು ಪುಟ ತೆರೆಯುತ್ತದೆ. ಕೆಟ್ಟ ದೀಪ, ಒಡೆದ ಕೊಳವೆ, ಮುಚ್ಚಳವಿಲ್ಲದ ಚರಂಡಿ, ಏನೇ ಇರಲಿ ಬರೆದು ಒತ್ತಿದರಾಯಿತು. ಎಲ್ಲಿ ಎಂದು ಬರೆಯುವ ತಾಪತ್ರಯವೂ ಇಲ್ಲ, ಫೋನು ಇರುವ ಜಾಗವನ್ನು ಪುಟವೇ ಹಿಡಿದು ನಕ್ಷೆಯ ಮೇಲೆ ಚುಕ್ಕೆ ಇಡುತ್ತದೆ. ದೂರು ನಗರಸಭೆಗೆ ಹೋಗುತ್ತದೆ. ಕೆಲಸ ಮುಗಿಸಿದವನು ತನ್ನ ಫೋನಿನಲ್ಲಿ ‘ಮುಗಿದಿದೆ’ ಎಂದು ಒತ್ತುತ್ತಾನೆ. ಯಾರು ಮುಗಿಸಿದರೆಂದು ಊರಿಗೆಲ್ಲ ಕಾಣುತ್ತದೆ. ಮಗಳು ಹೇಳುವಳು: “ಅಪ್ಪ, ಕಾಗದದ ಅರ್ಜಿ ಕಸದ ಬುಟ್ಟಿಗೆ ಹೋದ್ರೆ ಯಾರಿಗೂ ಗೊತ್ತಾಗಲ್ಲ. ಇದು ಎಲ್ಲಿ ಹೋದ್ರೂ ಗೊತ್ತಾಗುತ್ತೆ.”

ಅದನ್ನು ಪರೀಕ್ಷೆ ಮಾಡಿದವರೆಲ್ಲ ಅವಳ ಜೊತೆಯ ಹುಡುಗ ಹುಡುಗಿಯರು. ಹಳ್ಳದ ಪಕ್ಕದಲ್ಲೇ ನಿಂತು, ಒಂದು ಕೈಯಲ್ಲಿ ಫೋನು ಹಿಡಿದು, ನಡೆಯುತ್ತಲೇ ಬರೆಯುವವರು. ಚುಕ್ಕೆ ಸರಿಯಾದ ಜಾಗಕ್ಕೇ ಬೀಳುತ್ತಿತ್ತು.

ಅಕ್ಕ ಹಾಗೆ ಬರೆಯುವವಳಲ್ಲ. ಬೀದಿಯಲ್ಲಿ ನಿಂತು ಫೋನು ನೋಡುವುದು ಅವಳ ಪ್ರಕಾರ ಬೀದಿಯಲ್ಲಿ ನಿಂತು ತಲೆ ಬಾಚಿಕೊಂಡಷ್ಟೇ ಸಭ್ಯತೆ. ಕಂಡದ್ದನ್ನು ಮನಸ್ಸಿನಲ್ಲಿಟ್ಟುಕೊಂಡು ಮನೆಗೆ ಬಂದು, ಕಾಲು ತೊಳೆದು, ಚಹಾ ಮಾಡಿಕೊಂಡು, ಕನ್ನಡಕ ಹಾಕಿಕೊಂಡು, ಮೇಜಿನ ಮುಂದೆ ಕೂತು, ಕಾಗದ ಬರೆದ ಹಾಗೆ ಬರೆಯುತ್ತಿದ್ದಳು. ‘ಮಾನ್ಯರೇ’ ಎಂದು ಶುರು. ‘ಇಂತಿ’ ಎಂದು ಮುಕ್ತಾಯ. ಹೀಗಾಗಿ ಊರಿನ ಯಾವ ಮೂಲೆಯ ಗೋಳನ್ನು ಬರೆದರೂ ಚುಕ್ಕೆ ಬೀಳುತ್ತಿದ್ದದ್ದು ಅವಳ ಮನೆಯ ಮೇಲೆ. ಇದು ಪ್ರೋಗ್ರಾಮಿಗೆ ಗೊತ್ತಿರಲಿಲ್ಲ. ಮಗಳಿಗೆ ಗೊತ್ತಿರಲಿಲ್ಲ. ಗೊತ್ತಿದ್ದವರು ಈ ಭೂಮಿಯ ಮೇಲೆ ಒಬ್ಬರೇ.

ಮಳೆಗಾಲದ ಮೊದಲಲ್ಲಿ ಅಕ್ಕನ ಮನೆಯ ಎದುರು, ನೀರಿನ ಪಂಪಿನ ಪಕ್ಕದ ಗೋಡೆ ಬಿರುಕು ಬಿಟ್ಟಿತು. ಅದರ ಬಗ್ಗೆ ನಾಲ್ಕು ದೂರು ಬಂದವು. ಮೂರು ಅಕ್ಕನವು, ಒಂದು ಪಕ್ಕದ ಮನೆಯವರದು. ‘ಬಿರುಕಿನಲ್ಲಿ ಬೆರಳು ತೂರುತ್ತದೆ. ಕಿರುಬೆರಳಲ್ಲ, ಹೆಬ್ಬೆರಳು’ ಎಂದು ಬರೆದಿದ್ದಳು. ಮೇಷ್ಟ್ರು ನಾಲ್ಕನ್ನೂ ಒಂದಾಗಿ ಜೋಡಿಸಿ ಕಳಿಸಿದರು. ನಗರಸಭೆಯ ಗಾರೆಯವನು ಬಂದು ಎರಡು ದಿನದಲ್ಲಿ ಗೋಡೆ ಸರಿ ಮಾಡಿ ‘ಮುಗಿದಿದೆ’ ಎಂದು ಒತ್ತಿದ. ಮಗಳಿಗೆ ಹಿಗ್ಗೋ ಹಿಗ್ಗು.

ಮೂರು ವಾರ ಕಳೆದು ಅಕ್ಕನಿಂದ ಐದನೆಯದು ಬಂತು. ‘ಮಾನ್ಯರೇ, ಆ ಗೋಡೆ ತುಂಬಿದ ಬಸುರಿಯ ಹಾಗೆ ಹೊಟ್ಟೆ ಮುಂದೆ ಮಾಡಿಕೊಂಡು ನಿಂತಿದೆ. ಹೆರಿಗೆಗೆ ಮೊದಲು ಯಾರಾದರೂ ಬರುವುದು ಒಳ್ಳೆಯದು. ಇಂತಿ.’ ಯಾವ ಗೋಡೆ ಎಂದಿಲ್ಲ. ಫೋಟೋ ಇಲ್ಲ. ಫೋಟೋ ಹಾಕು ಎಂದರೆ, “ನನ್ನ ಮಾತನ್ನೇ ನಂಬದವರು ನನ್ನ ಫೋಟೋ ನಂಬ್ತಾರಾ?” ಎನ್ನುವವಳು ಅವಳು. ಮೇಷ್ಟ್ರು ನಕ್ಷೆ ನೋಡಿದರು: ಅದೇ ಚುಕ್ಕೆ. ಪದ ನೋಡಿದರು: ಗೋಡೆ. ಅದೇ ಗೋಡೆಯ ಮೇಲೆ ಇವಳದು ಮತ್ತೆ ರಾಗ ಎಂದುಕೊಂಡು ಹಳೆಯ ದೂರಿಗೇ ಜೋಡಿಸಿದರು. ಮುಗಿದ ದೂರಿಗೆ ಜೋಡಿಸಿದ್ದು ಮುಂದೆ ಎಲ್ಲಿಗೂ ಹೋಗುವುದಿಲ್ಲ; ಮುಗಿದದ್ದರ ಜೊತೆ ತಾನೂ ಮುಗಿಯುತ್ತದೆ.

ಮರುದಿನ ಅವಳು ಫೋನು ಮಾಡಿದ್ದಳು.

“ಹುಳ, ಬರೆದಿದ್ದೀನಿ. ನೋಡಿದ್ಯೇನೋ?”

“ನೋಡಿದೆ ಅಕ್ಕ.”

“ಬರೀ ನೋಡಿದ್ಯೋ, ಓದಿದ್ಯೋ?”

“ಓದ್ದೆ ಕಣೇ. ಬಸುರಿ, ಹೆರಿಗೆ ಎಲ್ಲಾ ಓದ್ದೆ. ಸರ್ಕಾರಕ್ಕೆ ಹೀಗೆಲ್ಲ ಬರೀತಾರಾ?”

“ಮತ್ತೆ ಹ್ಯಾಗೆ ಬರೀಬೇಕು? ಆ ದಾರೀಲಿ ಮಕ್ಕಳು ಓಡಾಡ್ತವೆ.”

“ಆಯ್ತು, ಆಯ್ತು” ಎಂದಿದ್ದರು ಮೇಷ್ಟ್ರು. ಒಂದು ಮಾತು, ಯಾವ ದಾರಿ ಎಂದು ಕೇಳಿದ್ದರೆ ಸಾಕಿತ್ತು. ಪಂಪಿನ ಗೋಡೆಯ ಪಕ್ಕ ಮಕ್ಕಳು ಓಡಾಡುವ ದಾರಿಯೇ ಇಲ್ಲ. ಒಲೆಯ ಮೇಲೆ ಹಾಲಿಟ್ಟಿದ್ದೇನೆಂದು ಅವರು ಫೋನು ಇಟ್ಟರು. ಅದಾಗಿ ಹನ್ನೊಂದು ದಿನಕ್ಕೆ ಗೋದಾಮಿನ ಗೋಡೆ ಬಿತ್ತು.

ಅಕ್ಕನನ್ನು ಕಳಿಸಿಕೊಟ್ಟು ಬಂದ ನಾಲ್ಕನೆಯ ದಿನ ಪತ್ರಿಕೆಯಲ್ಲಿ ಬೀದಿಮಾತಿನ ಪುಟದ ಚಿತ್ರ ಬಂತು. ಯಾರೋ ಹುಡುಕಿ ತೆಗೆದಿದ್ದರು. ಗೋಡೆ, ದೂರುಗಳು ಐದು, ಸ್ಥಿತಿ: ಮುಗಿದಿದೆ, ಮುಗಿಸಿದವರು: ನಗರಸಭೆ ಗಾರೆ ವಿಭಾಗ. ಕೆಳಗೆ ಅಕ್ಕನ ಬಸುರಿ ಗೋಡೆಯ ಮಾತು ಅಕ್ಷರ ಬಿಡದೆ. ಗೋದಾಮಿನ ಗೋಡೆ ತಿಂಗಳಿಂದ ಹೊಟ್ಟೆ ಉಬ್ಬಿಸಿ ನಿಂತಿದ್ದನ್ನು ಊರೇ ನೋಡಿತ್ತು. ಸತ್ತವಳೇ ಸಾಯುವ ಮೊದಲು ದೂರು ಕೊಟ್ಟಿದ್ದಾಳೆ, ಗಾರೆಯವನು ಕೆಲಸ ಮಾಡದೆಯೇ ಮುಗಿದಿದೆ ಎಂದು ಒತ್ತಿದ್ದಾನೆ: ಓದಿದವರಿಗೆ ತಿಳಿದದ್ದು ಇಷ್ಟು. ವಾರ್ಡಿನ ಸದಸ್ಯರು ಬಿದ್ದ ಗೋಡೆಯ ಮುಂದೆ ನಿಂತು, ತಪ್ಪಿತಸ್ಥನನ್ನು ಬಿಡುವುದಿಲ್ಲ ಎಂದು ಗುಡುಗಿದರು. ಸಂಜೆಯೊಳಗೆ ಗಾರೆಯವನನ್ನು ಕೆಲಸದಿಂದ ಅಮಾನತು ಮಾಡಿದರು. ಮರುದಿನ ಅವನ ಮನೆಯ ಕಿಟಕಿಗೆ ಕಲ್ಲು ಬಿತ್ತು. ಪೊಲೀಸರು ಎರಡು ಸಲ ಕರೆಸಿ ಕೂರಿಸಿದರು.

ಮೇಷ್ಟ್ರು ಪತ್ರಿಕೆಯನ್ನು ಮಡಿಸಿ ಇಟ್ಟರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರೆ. ಆ ಬರೆ ಯಾರಿಗೆ ಬಿತ್ತು, ಜ್ವರ ಯಾರಿಗಿತ್ತು ಎಂಬುದು ಅವರಿಗೆ ಆ ಕ್ಷಣವೇ ಗೊತ್ತಾಯಿತು. ಆದರೂ ಬಾಯಿ ತೆರೆಯಲಿಲ್ಲ.

ದಿನವೂ ಬೆಳಿಗ್ಗೆ ಸ್ನಾನ ಮಾಡಿ ದೇವರ ಮುಂದೆ ಕೂರುವುದು ಅವರು ಐವತ್ತು ವರ್ಷದಿಂದ ತಪ್ಪಿಸದ ನಿಯಮ. ಈಗಲೂ ಕೂತರು. ದೀಪ ಹಚ್ಚಿದರು. ಊರಿಗಾಗಿ, ಮಗಳಿಗಾಗಿ, ಮಳೆ ಬೆಳೆಗಾಗಿ ಹೇಳುವ ಮಾತುಗಳೆಲ್ಲ ತಾವಾಗಿಯೇ ಬಂದವು. ಅಕ್ಕನ ಹೆಸರಿನ ಹತ್ತಿರ ಬಂದ ಕೂಡಲೇ ನಾಲಿಗೆ ನಿಂತಿತು. ಅವಳ ಆತ್ಮಕ್ಕೆ ಶಾಂತಿ ಕೊಡು ಎಂದು ಬೇಡಬೇಕು. ಅವಳನ್ನು ಕಳೆದವನು ತಾನು, ಅದನ್ನು ಇನ್ನೊಬ್ಬನ ತಲೆಗೆ ಕಟ್ಟಿ ಕೂತವನೂ ತಾನು. ಯಾವ ಬಾಯಲ್ಲಿ ಬೇಡುವುದು? ದೇವರು ಕಿವುಡನಾಗಿದ್ದರೆ ಬೇಡಬಹುದಿತ್ತು. ಅವರು ಕೈ ಮುಗಿದು ಹಾಗೇ ಎದ್ದರು. ಮರುದಿನವೂ ಹಾಗೇ. ತೀರಿಹೋದ ಒಡಹುಟ್ಟಿದವಳಿಗಾಗಿ ಒಂದು ಪ್ರಾರ್ಥನೆಯೂ ಇಲ್ಲದೆ ಹದಿನೈದು ದಿನ ಕಳೆಯಿತು.

ಹದಿನಾರನೆಯ ದಿನ ಗಾರೆಯವನು ದರ್ಜಿಯ ಅಂಗಡಿಯ ಮೆಟ್ಟಿಲು ಹತ್ತಿ ಬಂದ. ನಲವತ್ತು ದಾಟಿದ ಆಳು. ಎಷ್ಟು ತೊಳೆದರೂ ಹೋಗದ ಸಿಮೆಂಟು ಉಗುರಿನ ಸಂದಿಯಲ್ಲಿ. ಮಗಳು ರಜೆ ಹಾಕಿ ಅಲ್ಲೇ ಇದ್ದಳು. ಅವನನ್ನು ನೋಡಿ ಅವಳ ಮುಖ ಬಿಗಿಯಿತು.

“ಕೂತ್ಕೊಳ್ಳಿ” ಎಂದರು ಮೇಷ್ಟ್ರು.

“ಕೂರೋಕೆ ಬಂದಿಲ್ಲ ಮೇಷ್ಟ್ರೇ. ಒಂದು ಕೇಳ್ಬೇಕು. ನಾನು ಸಿಮೆಂಟ್ ಹಾಕಿದ್ದು ಪಂಪಿನ ಗೋಡೆಗೆ. ನಿಮ್ಮ ಅಕ್ಕನೇ ಮುಂದೆ ನಿಂತು ಮಾಡಿಸಿದ್ರು. ‘ಲೇ, ಮೂಲೇಲಿ ಬಿಟ್ಟಿದ್ದೀಯ ನೋಡು’ ಅಂತ ಎರಡು ಸಲ ಬೈದ್ರು, ಎರಡು ಸಲ ಚಹಾ ಕೊಟ್ರು. ಗೋದಾಮಿನ ಗೋಡೆ ಅಂತ ಒಂದು ಚೀಟಿನೂ ನನ್ನ ಫೋನಿಗೆ ಬಂದಿಲ್ಲ. ನನಗೆ ಓದೋದು ನಿಧಾನ, ಆದ್ರೆ ಕುರುಡನಲ್ಲ. ಬಂದಿದ್ರೆ ಕಾಣ್ತಿತ್ತು. ನಿಮ್ಮ ಪುಟ ಮಾತ್ರ ಬಂದಿದೆ ಅಂತ ಹೇಳ್ತಿದೆ. ಅದು ಹ್ಯಾಗೆ?”

ಮಗಳು, “ನಾಡಿದ್ದು ವಿಚಾರಣೆ ಇದೆಯಲ್ಲ, ಅಲ್ಲಿ ಕೇಳಿ” ಎಂದಳು.

“ಅಲ್ಲಿ ಅವರೆಲ್ಲ ನಿಮ್ಮ ಪುಟಾನೇ ನೋಡ್ತಾರಮ್ಮ. ನನ್ನ ಮುಖ ಯಾರು ನೋಡ್ತಾರೆ?” ಅವನು ಮೇಷ್ಟ್ರ ಕಡೆ ತಿರುಗಿದ. “ಇಷ್ಟು ವರ್ಷ ಪುಸ್ತಕ ಕಾದವರು ನೀವು. ನೀವಾದ್ರೂ ಹೇಳಿ.”

ಮೇಷ್ಟ್ರು ಪರದೆಯ ಕಡೆ ನೋಡಿದರು. “ನೋಡ್ತೀನಪ್ಪ” ಎಂದರು. ಗಾರೆಯವನು ಇಳಿದು ಹೋದ. ಕೆಳಗೆ ಹೊಲಿಗೆ ಯಂತ್ರ ನಿಂತು, ಅವನು ದಾಟಿದ ಮೇಲೆ ಮತ್ತೆ ಶುರುವಾದದ್ದು ಕೇಳಿಸಿತು.

ಅವರು ಮಗಳ ಕಡೆ ತಿರುಗಿದರು. ಹೇಳುವುದಾದರೆ ಈಗಲೇ, ಇಲ್ಲವಾದರೆ ಇಲ್ಲ ಎನ್ನಿಸಿತು.

“ಪುಟ್ಟಿ, ಅದನ್ನ ಜೋಡಿಸಿದ್ದು ನಾನು.”

ಅವಳು ಪರದೆಯಿಂದ ಕಣ್ಣು ತೆಗೆಯಲಿಲ್ಲ. “ಗೊತ್ತು ಅಪ್ಪ.”

“ಏನು ಗೊತ್ತು?”

“ಯಾರು ಯಾವುದನ್ನ ಯಾವಾಗ ಜೋಡಿಸಿದ್ರು ಅಂತ ಒಳಗೆ ಬರೆದಿರುತ್ತೆ. ಅದು ನಮ್ಮಿಬ್ಬರಿಗೆ ಮಾತ್ರ ಕಾಣೋದು. ಅತ್ತೆ ಹೋದ ದಿನಾನೇ ನೋಡಿದೆ.”

“ಹೋದ ದಿನಾನೇ?”

“ನೀನು ಅಲ್ಲಿ ಅವರ ತಲೆ ಹತ್ರ ಕೂತಿದ್ದೆ. ನಾನು ಏನು ಹೇಳ್ಲಿ?”

ಮೇಷ್ಟ್ರು ಕುರ್ಚಿ ಹಿಡಿದು ಕೂತರು. ಹದಿನಾರು ದಿನ ಒಂದೇ ಮನೆಯಲ್ಲಿ, ಊಟದ ಮೇಜಿನ ಆಚೆ ಈಚೆ ಕೂತು, ಇಬ್ಬರೂ ಒಂದೇ ಗುಟ್ಟನ್ನು ಒಬ್ಬರಿಂದೊಬ್ಬರು ಬಚ್ಚಿಟ್ಟಿದ್ದರು. ಹೊರಗೆ ಒಬ್ಬನ ಮನೆಗೆ ಕಲ್ಲು ಬೀಳುತ್ತಿತ್ತು.

“ಹಾಗಾದ್ರೆ ನಾಡಿದ್ದು ಹೇಳ್ಬೇಕು” ಎಂದರು.

“ಬೇಡ.”

“ಪುಟ್ಟಿ—”

“ಅಪ್ಪ, ಕೇಳು. ಒಳಗೆ ಇನ್ನೂರ ಹದಿನಾಲ್ಕು ದೂರು ಬಾಕಿ ಇವೆ. ಶಾಲೆ ಹತ್ರ ಹರಿದ ಕರೆಂಟ್ ತಂತಿ ಇದೆ. ಇದರ ಹೆಸರು ಕೆಟ್ರೆ ನಾಳೆ ಯಾರೂ ನಂಬಲ್ಲ. ನಗರಸಭೆಯವರಿಗೆ ಬೇಕಾಗಿರೋದೇ ಅದು, ಇದನ್ನ ಮುಚ್ಚೋಕೆ ಒಂದು ನೆಪ. ಆ ಮನುಷ್ಯನಿಗೆ ಏನಾಗುತ್ತೆ? ನಾಲ್ಕು ತಿಂಗಳು ಅಮಾನತು, ಆಮೇಲೆ ವಾಪಸ್ ತಗೋತಾರೆ.”

“ಅವನ ಕಿಟಕಿ?”

“ಕಿಟಕಿ ಹಾಕಿಸಿಕೊಡೋಣ!”

ಹೇಳಿದ ಮೇಲೆ ಆ ಮಾತು ಅವಳಿಗೇ ಚುಚ್ಚಿರಬೇಕು. ಮುಖ ಮುಚ್ಚಿಕೊಂಡು ಅಳತೊಡಗಿದಳು. “ಅತ್ತೆ ಮನೇಲಿ ಕೂತು ಬರೀತಾರೆ ಅಂತ ನನಗೆ ಹೊಳೀಲೇ ಇಲ್ಲ ಅಪ್ಪ. ಯಾರು ಮನೇಲಿ ಕೂತು ಬರೀತಾರೆ? ಒಂದು ಪ್ರಶ್ನೆ ಸಾಕಿತ್ತು. ‘ನೀವು ಈಗ ಆ ಜಾಗದಲ್ಲೇ ಇದ್ದೀರಾ?’ ಅಷ್ಟೇ. ಅರ್ಧ ಗಂಟೆಯ ಕೆಲಸ.”

“ನಿನಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು” ಎಂದರು ಮೇಷ್ಟ್ರು. “ಅವಳು ಚಹಾ ಮಾಡ್ಕೊಳ್ಳದೆ ಒಂದು ಸಾಲು ಬರೆದವಳಲ್ಲ. ಗೊತ್ತಿದ್ದೂ ನಕ್ಷೆ ನಂಬಿದೆ. ಅವಳನ್ನ ಕೇಳಲಿಲ್ಲ.”

ಮಗಳು ಕಣ್ಣು ಒರೆಸಿಕೊಂಡಳು. ಕೊನೆಗೆ, “ನಿನ್ನನ್ನ ಏನು ಮಾಡ್ತಾರೋ” ಎಂದಳು.

“ಈ ವಯಸ್ಸಲ್ಲಿ ಇನ್ನೇನು ಮಾಡ್ತಾರೆ? ನಾನು ಅವಳಿಗೋಸ್ಕರ ಒಂದು ಮಾತು ಬೇಡಿಕೊಳ್ಳೋಕೆ ಆಗ್ತಿಲ್ಲ ಕಣೇ. ಇಷ್ಟು ದಿನ ಆಯ್ತು. ಬಾಯಿ ಬರ್ತಿಲ್ಲ.”

ವಿಚಾರಣೆ ನಗರಸಭೆಯ ಮಹಡಿಯ ಉದ್ದನೆಯ ಕೋಣೆಯಲ್ಲಿ ನಡೆಯಿತು. ಮೇಜಿನ ಆ ಕಡೆ ವಿಚಾರಣಾಧಿಕಾರಿ, ನರೆತ ಕೂದಲಿನ ಹೆಂಗಸು. ಪಕ್ಕದಲ್ಲಿ ವಾರ್ಡಿನ ಸದಸ್ಯರು. ಗೋಡೆಯ ಬದಿಯ ಬೆಂಚಿನ ಮೇಲೆ ಗಾರೆಯವನು, ಒಗೆದು ಇಸ್ತ್ರಿ ಮಾಡಿದ ಅಂಗಿಯಲ್ಲಿ. ಅಧಿಕಾರಿ ಪುಟದ ಪ್ರತಿಯನ್ನು ಎತ್ತಿ ಹಿಡಿದು, ಇದು ನಿಮ್ಮದೇ ತಾನೇ ಎಂದು ಕೇಳಿದರು. ಮೇಷ್ಟ್ರು ಎದ್ದು ನಿಂತು, ನಡೆದದ್ದನ್ನು ನಡೆದ ಹಾಗೆ ಹೇಳಿದರು. ನಾಲ್ಕು ದೂರು ಪಂಪಿನ ಗೋಡೆಯವು. ಐದನೆಯದು ಗೋದಾಮಿನದು. ಗಾರೆಯವನು ತನ್ನ ಕೆಲಸ ಮುಗಿಸಿ ಮೂರು ವಾರವಾದ ಮೇಲೆ ಅದು ಬಂತು. ಬಂದದ್ದನ್ನು ಅವನಿಗೆ ಕಳಿಸದೆ ಹಳೆಯದಕ್ಕೆ ಜೋಡಿಸಿದವನು ನಾನು. ಒಳಗಿನ ದಾಖಲೆಯ ಪ್ರತಿಯನ್ನು ಮಗಳು ತಾನೇ ಎದ್ದು ಹೋಗಿ ಮೇಜಿನ ಮೇಲಿಟ್ಟಳು.

ಅಧಿಕಾರಿ ಎರಡು ಸಲ ಓದಿದರು. “ತೀರಿಕೊಂಡವರು ನಿಮಗೆ ಏನಾಗಬೇಕು?”

“ಅಕ್ಕ.”

ಅಧಿಕಾರಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಮತ್ತೆ ಹಾಕಿಕೊಂಡರು. “ಅಂದ್ರೆ ಐದನೇ ದೂರು ನಗರಸಭೆಗೆ ತಲುಪಲೇ ಇಲ್ಲ.”

“ಇಲ್ಲ.”

ಸದಸ್ಯರು ದೊಡ್ಡದಾಗಿ ಉಸಿರು ಬಿಟ್ಟು ಬೆನ್ನು ಒರಗಿಸಿದರು. ಬಿಡುವುದಿಲ್ಲ ಎಂದು ಗುಡುಗಿದವರ ಮುಖದಲ್ಲಿ ಕಟ್ಟು ಬಿಚ್ಚಿದಷ್ಟು ನೆಮ್ಮದಿ. “ನೋಡಿ ಮೇಡಂ, ನಾವು ಮೊದಲಿಂದ ಹೇಳ್ತಾನೇ ಇದ್ದೀವಿ. ನಮ್ಮ ಕಡೆಯಿಂದ ಏನೂ ಲೋಪ ಇಲ್ಲ.”

ಮೇಷ್ಟ್ರು ಇನ್ನೂ ನಿಂತೇ ಇದ್ದರು. “ಗೋಡೆ ಯಾರದ್ದು ಅಂತ ಕೇಳೋದಿಲ್ವಾ? ಗೋದಾಮಿಗೆ ಮಾಲೀಕರು ಅಂತ ಇದ್ದಾರೆ. ತಿಂಗಳಿಂದ ಉಬ್ಬಿ ನಿಂತಿತ್ತು. ಊರೆಲ್ಲ ನೋಡಿತ್ತು.”

“ಅದು ಬೇರೆ ವಿಷಯ” ಎಂದರು ಸದಸ್ಯರು. “ಈ ವಿಚಾರಣೆ ದೂರಿನ ಬಗ್ಗೆ.”

ಅಧಿಕಾರಿ ಏನೋ ಬರೆದುಕೊಂಡರು. ಗೋದಾಮಿನ ಮಾಲೀಕರ ಹೆಸರು ಅವತ್ತು ಆ ಕೋಣೆಯಲ್ಲಿ ಯಾರ ಬಾಯಲ್ಲೂ ಬರಲಿಲ್ಲ. ಆಮೇಲೂ ಬಂದದ್ದನ್ನು ಮೇಷ್ಟ್ರು ಕೇಳಿಲ್ಲ.

ಹೊರಗಿನ ಮೆಟ್ಟಿಲ ಮೇಲೆ ಗಾರೆಯವನು ಸಿಕ್ಕಿದ. ಮೇಷ್ಟ್ರು ಕೈ ಮುಗಿದರು. ಅವನು ಮುಗಿಯಲಿಲ್ಲ.

“ಮೊನ್ನೆ ಮೇಲೆ ಬಂದಾಗಲೇ ಗೊತ್ತಿತ್ತಾ ನಿಮಗೆ?”

“ಗೊತ್ತಿತ್ತು.”

“ನೋಡ್ತೀನಪ್ಪ ಅಂದ್ರಿ.”

“ಅಂದೆ.”

“ನನ್ನ ಮಗಳು ಎರಡು ವಾರದಿಂದ ಶಾಲೆಗೆ ಹೋಗಿಲ್ಲ ಮೇಷ್ಟ್ರೇ. ಅಲ್ಲಿ ಅವಳನ್ನ ಕೊಲೆಗಾರನ ಮಗಳು ಅಂತಾರೆ. ನಿಮ್ಮಕ್ಕ ನನ್ನ ಬೈದ್ರೂ ಅನ್ಯಾಯದ ಮಾತು ಆಡ್ಲಿಲ್ಲ.” ಅಷ್ಟು ಹೇಳಿ ಇಳಿದು ಹೋದ. ಕ್ಷಮಿಸಿದೆ ಎನ್ನಲಿಲ್ಲ. ಮೇಷ್ಟ್ರು ಕೇಳಲೂ ಇಲ್ಲ. ಅದು ಕೇಳಿ ಪಡೆಯುವ ವಸ್ತುವಲ್ಲ.

ಮರುವಾರ ನಗರಸಭೆಯಿಂದ ಕಾಗದ ಬಂತು: ಇನ್ನು ಮುಂದೆ ಬೀದಿಮಾತಿನ ಮೂಲಕ ಬರುವ ದೂರುಗಳನ್ನು ಸ್ವೀಕರಿಸುವುದಿಲ್ಲ. ಪತ್ರಿಕೆಯಲ್ಲಿ ಈ ಸಲ ಮೇಷ್ಟ್ರ ಚಿತ್ರ. ತಲೆಬರಹ: ‘ತಮ್ಮನ ಕೈಯಿಂದಲೇ.’ ದರ್ಜಿ ಆ ಪತ್ರಿಕೆಯನ್ನು ಮೇಲೆ ಕೊಡದೆ ಬಟ್ಟೆಯ ತುಂಡುಗಳ ಕೆಳಗೆ ತೂರಿಸಿದ. ಮೇಷ್ಟ್ರು ಹೇಗೂ ಓದಿಕೊಂಡರು. ಬೀದಿಯಲ್ಲಿ ಕೆಲವರು ಮುಖ ತಿರುಗಿಸಿದರು, ಕೆಲವರು ಬೇಕೆಂದೇ ಹತ್ತಿರ ಬಂದು ಮಾತಾಡಿಸಿದರು. ಎರಡನೆಯದೇ ಹೆಚ್ಚು ಕಷ್ಟವಾಗಿತ್ತು.

ಮಗಳು ಪುಟವನ್ನು ಮುಚ್ಚುವ ಮೊದಲು ಬಾಕಿ ಇದ್ದ ಇನ್ನೂರ ಹದಿನಾಲ್ಕು ದೂರುಗಳನ್ನೂ, ಈವರೆಗೆ ಜೋಡಿಸಿದ್ದನ್ನೆಲ್ಲ ಕೂಡ ಕಾಗದಕ್ಕೆ ಇಳಿಸಿದಳು. ಇಬ್ಬರೂ ಎದುರುಬದುರು ಕೂತು ಒಬ್ಬೊಬ್ಬರಿಗೂ ಫೋನು ಮಾಡಿದರು. ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: “ನೀವು ಇದನ್ನ ಎಲ್ಲಿ ಕೂತು ಬರೆದದ್ದು?” ಕೆಲವರು ಬೈದು ಇಟ್ಟರು. ಒಬ್ಬ ಮುದುಕ, “ಎಲ್ಲಿ ಕೂತು ಅಂದ್ರೆ? ಬಚ್ಚಲಲ್ಲಿ. ನನಗೆ ಬಿಡುವು ಸಿಗೋದೇ ಅಲ್ಲಿ” ಎಂದ. ಮಗಳು ಎಷ್ಟೋ ದಿನದ ಮೇಲೆ ನಕ್ಕಳು. ನಗು ಅರ್ಧಕ್ಕೇ ನಿಂತಿತು. ಯಾಕೆಂದರೆ ಆ ಮುದುಕನ ದೂರು ವಿದ್ಯುತ್ ಕಂಬದ್ದು. ಕಂಬ ಒದ್ದೆಯಾದರೆ ಜುಮ್ಮೆನ್ನುತ್ತದೆ ಎಂದಷ್ಟೇ ಬರೆದಿದ್ದ; ಅದು ಶಾಲೆಯ ಹಿಂದಿನ ಕಂಬ ಎಂದು ಈಗ ಗೊತ್ತಾಯಿತು. ಮೇಷ್ಟ್ರು ಅದನ್ನು ಅವನ ಮನೆಯ ಮುಂದಿನ ಕೆಟ್ಟ ದೀಪದ ಕಂಬಕ್ಕೆ ಜೋಡಿಸಿದ್ದರು. ಆ ದೀಪ ಸರಿಯಾಗಿ ಎರಡು ತಿಂಗಳಾಗಿತ್ತು.

ಹೀಗೆ ತಪ್ಪಿ ಜೋಡಿಸಿದವು ಹನ್ನೊಂದು ಸಿಕ್ಕವು. ಅಕ್ಕನ ವಯಸ್ಸಿನವರವೇ ಬಹುಪಾಲು. ಮನೆಗೆ ಬಂದು, ಕೂತು, ಯೋಚಿಸಿ ಬರೆದವರು. ಮೇಷ್ಟ್ರು ಹನ್ನೊಂದನ್ನೂ ತಮ್ಮ ಕೈಬರಹದಲ್ಲಿ ಬೇರೆ ಬೇರೆ ಕಾಗದದ ಮೇಲೆ, ಜಾಗ ಸಮೇತ, ಗುರುತು ಸಮೇತ ಬರೆದರು. ಬರೆದ ಮೇಲೆ ಒಂದೊಂದು ಜಾಗಕ್ಕೂ ಕಾಲ್ನಡಿಗೆಯಲ್ಲಿ ಹೋಗಿ ನೋಡಿ ಬಂದರು. ಕಂಬದ ಸುತ್ತ ತಾವೇ ಒಂದು ಹಗ್ಗ ಕಟ್ಟಿ, ಮುಟ್ಟಬೇಡಿ ಎಂದು ರಟ್ಟು ತೂಗು ಹಾಕಿದರು. ಆಮೇಲೆ ನಗರಸಭೆಗೆ ಹೋಗಿ ಗುಮಾಸ್ತನ ಕೈಗೆ ಕೊಟ್ಟರು. ಗುಮಾಸ್ತ ಒಂದೊಂದಕ್ಕೂ ಮೊಹರು ಒತ್ತಿ ಹನ್ನೊಂದನ್ನೂ ಒಂದೇ ಪಿನ್ನಿಗೆ ಚುಚ್ಚಿ ತಟ್ಟೆಯಲ್ಲಿಟ್ಟ. ಮೇಷ್ಟ್ರು ನೋಡಿದರು.

“ದಯವಿಟ್ಟು ಬೇರೆ ಬೇರೆ ಇಡಿ” ಎಂದರು.

“ಎಲ್ಲಾ ನಿಮ್ಮದೇ ಅಲ್ವೇನ್ರೀ?”

“ನನ್ನದು ಒಂದೂ ಅಲ್ಲ. ಹನ್ನೊಂದು ಜನರದು.”

ಗುಮಾಸ್ತ ಅವರ ಮುಖ ನೋಡಿದ. ಪತ್ರಿಕೆಯ ಚಿತ್ರ ನೆನಪಾಗಿರಬೇಕು. ಪಿನ್ನು ತೆಗೆದ. ಅವರು ಬಾಗಿಲು ದಾಟಿದ ಮೇಲೆ ಮತ್ತೆ ಚುಚ್ಚಿದನೋ ಏನೋ, ದೇವರಿಗೇ ಗೊತ್ತು. ಕಂಬ ಮಾತ್ರ ಹತ್ತು ದಿನ ಹಾಗೇ ಇತ್ತು. ಮೇಷ್ಟ್ರು ಹತ್ತು ದಿನವೂ ಶಾಲೆ ಬಿಡುವ ಹೊತ್ತಿಗೆ ಅಲ್ಲಿ ಹೋಗಿ ನಿಂತು, ಮಕ್ಕಳನ್ನು ಆಚೆ ಬದಿಯಿಂದ ದಾಟಿಸಿದರು. ಹನ್ನೊಂದನೆಯ ದಿನ ಇಲಾಖೆಯವರು ಏಣಿ ತಂದರು.

ಅವತ್ತು ಮನೆಗೆ ಬಂದವರು ಕೈಕಾಲು ತೊಳೆದು ದೇವರ ಮುಂದೆ ಕೂತರು. ಮಗಳು ಬಾಗಿಲ ಹತ್ತಿರ ಬಂದವಳು ಅಲ್ಲೇ ನಿಂತಳು. ಬಹಳ ದಿನ ಕಟ್ಟಿದ್ದ ನಾಲಿಗೆ ತಡವರಿಸುತ್ತ ಮೊದಲ ಮಾತು ಆಡಿತು. ಆಮೇಲೆ ಉಳಿದದ್ದು ಬಂತು.

“ದೇವರೇ, ನಾನು ಬೇಡುವುದಕ್ಕೆ ಯೋಗ್ಯನಲ್ಲ. ನನಗಾಗಿ ಬೇಡುತ್ತಲೂ ಇಲ್ಲ. ನಿನ್ನ ಹತ್ತಿರ ಬಂದಿರುವವಳು ಒಳ್ಳೆಯವಳು. ತನ್ನ ನೋವು ಯಾರಿಗೂ ಹೇಳದೆ ಊರಿನ ನೋವು ಹೇಳಿಕೊಂಡು ಬಂದವಳು. ತಾಯಿಯಿಲ್ಲದವನಿಗೆ ತಾಯಿಯಾದವಳು. ಕೊನೆಯ ಗಳಿಗೆಯಲ್ಲಿ ಅವಳಿಗೆ ಹೆದರಿಕೆಯಾಗಿದ್ದರೆ ಆ ಹೆದರಿಕೆಯನ್ನು ಅವಳ ನೆನಪಿನಿಂದ ತೆಗೆದುಬಿಡು. ಮೈಮೇಲೆ ಬಿದ್ದ ಭಾರವನ್ನೆಲ್ಲ ಇಳಿಸು. ಅವಳು ಮಾತಾಡಿದರೆ ನೀನು ಪೂರ್ತಿ ಕೇಳು. ಅವಳಿಗೆ ನೋವಿಲ್ಲದ ಕಡೆ ಜಾಗ ಕೊಡು. ನಮ್ಮಕ್ಕನ ಜೀವಕ್ಕೆ ಶಾಂತಿ ಕೊಡು ತಂದೆ, ಶಾಂತಿ ಕೊಡು.”